ಹಸಿರು ಗುರುತು ಸಾಕ್ಷಿಯೋ ತೀರ್ಪೋ: ಸ್ಟ್ಯಾಕ್ ಓವರ್‌ಫ್ಲೋದ ಒಪ್ಪಿತ ಉತ್ತರ ಮತ್ತು ಬಳಕೆದಾರರ ಅಂಕ

ಪ್ರೋಗ್ರಾಮಿಂಗ್ ಕುರಿತ ಪ್ರಶ್ನೋತ್ತರ ತಾಣವಾದ ಸ್ಟ್ಯಾಕ್ ಓವರ್‌ಫ್ಲೋವನ್ನು ಜೆಫ್ ಆಟ್‌ವುಡ್ ಮತ್ತು ಜೋಯೆಲ್ ಸ್ಪೋಲ್ಸ್ಕಿ 2008ರ ಸೆಪ್ಟೆಂಬರಿನಲ್ಲಿ ಸಾರ್ವಜನಿಕರಿಗೆ ತೆರೆದರು. ಉತ್ತರದ ಯೋಗ್ಯತೆಯನ್ನು ಸೂಚಿಸಲು ಅಲ್ಲಿ ಎರಡು ದಾರಿಗಳಿವೆ. ಓದುಗರು ಹಾಕುವ ವೋಟು ಒಂದು. ಪ್ರಶ್ನೆ ಕೇಳಿದವರು ಯಾವುದಾದರೂ ಒಂದೇ ಉತ್ತರದ ಪಕ್ಕದಲ್ಲಿ ಒತ್ತುವ ಹಸಿರು ಗುರುತು ಇನ್ನೊಂದು; ಗುರುತು ಬಿದ್ದದ್ದೇ ಒಪ್ಪಿತ ಉತ್ತರ. ವೋಟು ಹಲವರದು, ಗುರುತು ಒಬ್ಬರದು. ಆದರೆ ಎರಡರ ಫಲವೂ ಉತ್ತರ ಬರೆದವರ ಹೆಸರಿನ ಜೊತೆ ಕಾಣುವ ರೆಪ್ಯುಟೇಶನ್ ಎಂಬ ಒಂದೇ ಸಂಖ್ಯೆಯಲ್ಲಿ ಬೆರೆತುಹೋಗುತ್ತದೆ. ಹಸಿರು ಗುರುತು ಸ್ವಭಾವತಃ ಒಂದು ಸಾಕ್ಷ್ಯ. ಅದನ್ನು ತೀರ್ಪೆಂದು ಓದಿದ್ದರಿಂದ ತಾಣಕ್ಕೂ ತಾಣವನ್ನು ಅಧ್ಯಯನ ಮಾಡಿದವರಿಗೂ ತೊಡಕು ಎದುರಾಯಿತು ಎಂಬುದು ಈ ಲೇಖನದ ವಾದ.

ಮೊದಲು ಲೆಕ್ಕ. ಉತ್ತರಕ್ಕೆ ಸಿಕ್ಕ ಪ್ರತಿ ಅಪ್‌ವೋಟಿಗೆ 10 ಅಂಕ. ಡೌನ್‌ವೋಟ್ ಬಿದ್ದರೆ 2 ಅಂಕ ಕಡಿತ. ಉತ್ತರವೊಂದಕ್ಕೆ ಡೌನ್‌ವೋಟ್ ಹಾಕಿದವರೂ 1 ಅಂಕ ಕಳೆದುಕೊಳ್ಳುತ್ತಾರೆ. ಉತ್ತರ ಒಪ್ಪಿತವಾದರೆ ಬರೆದವರಿಗೆ 15, ಒಪ್ಪಿದವರಿಗೆ 2. ವೋಟುಗಳಿಂದ ದಿನಕ್ಕೆ 200ಕ್ಕಿಂತ ಹೆಚ್ಚು ಅಂಕ ಗಳಿಸುವಂತಿಲ್ಲ, ಒಪ್ಪಿಗೆಯ ಅಂಕಕ್ಕೆ ಆ ಮಿತಿ ಇಲ್ಲ. ತನ್ನ ಪ್ರಶ್ನೆಗೆ ತಾನೇ ಉತ್ತರ ಬರೆದು ಒಪ್ಪಿಕೊಳ್ಳಬಹುದು, ಆದರೆ ಎರಡು ದಿನ ಕಾಯಬೇಕು, ಅಂಕವೂ ಸಿಗದು. ಹೋಲಿಕೆಗೆ, ಇನ್ನೊಂದು ಪ್ರಶ್ನೋತ್ತರ ತಾಣವಾಗಿದ್ದ ಯಾಹೂ ಆನ್ಸರ್ಸ್‌ನಲ್ಲಿ ಉತ್ತರ ಬರೆದರೆ ಸಾಕು, ಅದು ಹೇಗೇ ಇರಲಿ, 2 ಅಂಕ ಬರುತ್ತಿತ್ತು. ಅಲ್ಲಿನ ಅಂಕ ತಿಳಿವಳಿಕೆಗಿಂತ ಹಾಜರಾತಿಯನ್ನೇ ಅಳೆಯುತ್ತಿತ್ತು. ಸ್ಟ್ಯಾಕ್ ಓವರ್‌ಫ್ಲೋ ಬರೆದ ಮಾತ್ರಕ್ಕೆ ಏನನ್ನೂ ಕೊಡುವುದಿಲ್ಲ. ಇದು ಸಣ್ಣ ಸುಧಾರಣೆಯಲ್ಲ.

ರೆಪ್ಯುಟೇಶನ್ ಎಂಬ ಈ ಸಂಖ್ಯೆ ಬರಿಯ ಅಲಂಕಾರವೂ ಅಲ್ಲ, ಅಧಿಕಾರ. 15 ಅಂಕಕ್ಕೆ ಅಪ್‌ವೋಟಿನ ಹಕ್ಕು, 50ಕ್ಕೆ ಎಲ್ಲೆಡೆ ಟಿಪ್ಪಣಿ ಬರೆಯುವ ಹಕ್ಕು, 125ಕ್ಕೆ ಡೌನ್‌ವೋಟ್, 2,000ಕ್ಕೆ ಇತರರ ಬರಹವನ್ನು ನೇರವಾಗಿ ತಿದ್ದುವ ಹಕ್ಕು, 3,000ಕ್ಕೆ ಪ್ರಶ್ನೆಯನ್ನು ಮುಚ್ಚಲು ಮತ ಹಾಕುವ ಹಕ್ಕು, 10,000ಕ್ಕೆ ಅಳಿಸಿದ ಬರಹಗಳನ್ನು ನೋಡುವ ಹಕ್ಕು. ಹೊಸ ಸದಸ್ಯರು 1 ಅಂಕದಿಂದ ಶುರುಮಾಡುತ್ತಾರೆ. ಅವರ ಒಂದೇ ಒಂದು ಉತ್ತರ ಒಪ್ಪಿತವಾದರೂ 16 ಆಗಿ ಮತದಾರರ ಪಟ್ಟಿಗೆ ಸೇರಿಬಿಡುತ್ತಾರೆ. ಅಂದರೆ ಒಬ್ಬ ಅಪರಿಚಿತರ ಒಪ್ಪಿಗೆ ಇನ್ನೊಬ್ಬರಿಗೆ ಮತದ ಹಕ್ಕನ್ನೇ ಕೊಡಬಲ್ಲದು.

ಹಾಗಾದರೆ ಒಪ್ಪುವವರಿಗೆ ತಿಳಿದಿರುವುದೇನು? ಪ್ರಶ್ನೆ ಕೇಳಿದವರು ಆ ವಿಷಯದಲ್ಲಿ ಉಳಿದವರಿಗಿಂತ ಕಡಿಮೆ ಬಲ್ಲವರು. ಬಲ್ಲವರಾಗಿದ್ದರೆ ಕೇಳುತ್ತಲೇ ಇರಲಿಲ್ಲ. ಆದರೆ ಬೇರೆ ಯಾರಿಗೂ ಇಲ್ಲದ ಒಂದು ಅರಿವು ಅವರಿಗಿದೆ: ತಮ್ಮ ಯಂತ್ರದಲ್ಲಿ, ತಮ್ಮ ಕೋಡಿನಲ್ಲಿ ಆ ದೋಷ ಹೋಯಿತೋ ಇಲ್ಲವೋ ಎಂಬುದು. ಜ್ವರ ಇಳಿಯಿತೆಂದು ರೋಗಿ ಹೇಳಬಲ್ಲ, ಕೊಟ್ಟ ಔಷಧ ಸರಿಯಾದದ್ದೇ ಎಂದು ಹೇಳಲಾರ. ಹಸಿರು ಗುರುತಿಗೆ ಬೆಲೆ ಬರುವುದು ಮೊದಲ ಮಾತಿನಿಂದ. ತಾಣದ ಓದುಗರು ಅದಕ್ಕೆ ಹೊರಿಸಿದ್ದು ಎರಡನೆಯದನ್ನು.

ಇದಕ್ಕೆ ಅವಸರವೂ ಸೇರಿತು. ಲೆನಾ ಮಾಮಿಕಿನಾ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಂದು ಅಲ್ಲಿ 90%ಕ್ಕೂ ಹೆಚ್ಚು ಪ್ರಶ್ನೆಗಳಿಗೆ ಉತ್ತರ ದೊರೆಯುತ್ತಿತ್ತು, ಮೊದಲ ಉತ್ತರಕ್ಕೆ ತಗಲುತ್ತಿದ್ದ ಮಧ್ಯಕ ಕಾಲ ಕೇವಲ 11 ನಿಮಿಷ. ಪ್ರಶ್ನೆ ಹಾಕಿದ 15 ನಿಮಿಷ ಇತರರ ಉತ್ತರವನ್ನು ಒಪ್ಪುವಂತಿಲ್ಲ ಎಂಬ ತಡೆಯಿದೆ, ಆದರೆ ಹದಿನಾರನೆಯ ನಿಮಿಷಕ್ಕೆ ಅಂಥ ತಡೆಯಿಲ್ಲ. ಮೊದಲು ಎರಡು ಸಾಲು ಬರೆದು ಜಾಗ ಹಿಡಿದು, ಆಮೇಲೆ ಉತ್ತರವನ್ನು ಬೆಳೆಸುವ ಚಾಳಿ ತಾಣದಲ್ಲಿ ಬೇಗನೆ ಬೇರೂರಿತು. ಸಾವಧಾನವಾಗಿ ಯೋಚಿಸಿ ಮರುದಿನ ಬರೆದವರ ಹೊತ್ತಿಗೆ ಗುರುತು ಬೇರೆಯವರ ಪಾಲಾಗಿರುತ್ತಿತ್ತು. ಒಪ್ಪಿಗೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ನಿಜ. ಆದರೆ ಬದಲಿಸುವ ಹಕ್ಕು ಪ್ರಶ್ನೆ ಕೇಳಿದವರದ್ದು ಮಾತ್ರ. ಅವರು ತಾಣದತ್ತ ಮತ್ತೆ ತಲೆ ಹಾಕದಿದ್ದರೆ ಗುರುತು ಇದ್ದಲ್ಲೇ ಇರುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಮುಂದಿನ ಅಂಶ. 2021ರವರೆಗೆ, ಒಪ್ಪಿತ ಉತ್ತರ ಎಷ್ಟೇ ಕಡಿಮೆ ವೋಟು ಪಡೆದಿದ್ದರೂ ಪುಟದ ಮೇಲ್ತುದಿಯಲ್ಲೇ ಕಾಣಿಸುತ್ತಿತ್ತು. ಅವಸರದ ಓದುಗರು ತುದಿಯಲ್ಲಿದ್ದದ್ದನ್ನು ಮೊದಲು ಓದುತ್ತಾರೆ, ಕೆಲಸ ನಡೆದರೆ ಅದಕ್ಕೇ ವೋಟು ಹಾಕಿ ಹೊರಡುತ್ತಾರೆ. ಹೀಗೆ ಗುರುತು ವೋಟುಗಳನ್ನು ಹುಟ್ಟಿಸತೊಡಗಿತು. ಒಬ್ಬರ ಮಾತು, ಹಲವರ ಮಾತು ಎಂದು ನಾವು ಬೇರೆಬೇರೆಯಾಗಿ ಎಣಿಸುವ ಎರಡು ಸಾಕ್ಷಿಗಳು ನಿಜಕ್ಕೂ ಪರಸ್ಪರ ಸ್ವತಂತ್ರವಲ್ಲ. ಗುರುತೂ ವೋಟೂ ಒಂದೇ ಉತ್ತರದ ಮೇಲೆ ಬಿದ್ದದ್ದನ್ನು ಗುಣಮಟ್ಟದ ಪುರಾವೆಯಾಗಿ ತೋರಿಸುವ ಅಂಕಿಅಂಶ ಈ ನೆಲೆಯಲ್ಲಿ ಸಡಿಲವಾಗುತ್ತದೆ.

ಪರಿಣಾಮಗಳನ್ನು ಅಳೆದವರಿದ್ದಾರೆ. ಜಾವಾ ಭಾಷೆಯಲ್ಲಿ ಭದ್ರತೆಗೆ ಸಂಬಂಧಿಸಿದ ಉತ್ತರಗಳನ್ನು ಪರಿಶೀಲಿಸಿ 2019ರಲ್ಲಿ ಮೆಂಗ್‌ಸು ಚೆನ್ ಮತ್ತಿತರರು ಪ್ರಕಟಿಸಿದ ಪ್ರಬಂಧದಲ್ಲಿ ಅಸುರಕ್ಷಿತ ಉತ್ತರಗಳ ಸರಾಸರಿ ವೋಟು 14, ಸುರಕ್ಷಿತ ಉತ್ತರಗಳದ್ದು 5. ಅತಿ ಹೆಚ್ಚು ಅಂಕವಿರುವ, ತಾಣವೇ ವಿಶ್ವಾಸಾರ್ಹರೆಂದು ಕರೆಯುವ ಸದಸ್ಯರು ಕೊಟ್ಟ ಉತ್ತರಗಳಲ್ಲೂ 34% ಅಸುರಕ್ಷಿತವಾಗಿದ್ದವು. ಉದಾಹರಣೆಗೆ, ಸರ್ವರಿನ ಗುರುತನ್ನು ಖಚಿತಪಡಿಸುವ ಪ್ರಮಾಣಪತ್ರದ ತಪಾಸಣೆಯನ್ನೇ ಕಿತ್ತುಹಾಕುವ ಕೋಡು ದೋಷದ ಸಂದೇಶವನ್ನು ಕೂಡಲೇ ಅಡಗಿಸುತ್ತದೆ. ಕೇಳಿದವರಿಗೆ ಬೇಕಿದ್ದದ್ದೂ ಅಷ್ಟೇ. ಅದೇ ವರ್ಷ, ಹಳತಾದ ಉತ್ತರಗಳ ಕುರಿತು ಹಾವೊಶಿಯಾಂಗ್ ಝಾಂಗ್ ಮತ್ತು ಸಹಲೇಖಕರು ನಡೆಸಿದ ಅಧ್ಯಯನ, ಅಂಥ ಉತ್ತರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಹುಶಃ ಬರೆದ ದಿನವೇ ಹಳತಾಗಿದ್ದವು ಎಂದು ತೋರಿಸಿತು. ಇನ್ನೊಂದು ಪ್ರಸಂಗ ತಮಾಷೆಯದು. ಬೈಟ್‌ಗಳ ಸಂಖ್ಯೆಯನ್ನು ಓದಲು ಸುಲಭವಾದ ರೂಪಕ್ಕೆ ತರುವ, 2010ರಲ್ಲಿ ಬರೆದ ಒಂದು ಜಾವಾ ತುಣುಕು ಗಿಟ್‌ಹಬ್‌ಗೆ ಅತಿ ಹೆಚ್ಚು ನಕಲಾದ ತುಣುಕೆಂದು ಸೆಬಾಸ್ಟಿಯನ್ ಬಾಲ್ಟೆಸ್ ಮತ್ತು ಸ್ಟೀಫನ್ ಡೀಲ್ ಗುರುತಿಸಿದರು. ಅದರಲ್ಲಿ ತಪ್ಪಿದೆ ಎಂದು 2019ರಲ್ಲಿ ತಿಳಿಸಿದವರು ಅದನ್ನು ಬರೆದವರೇ: 9,99,999 ಬೈಟ್ ಕೊಟ್ಟರೆ ಒಂದು ಮೆಗಾಬೈಟ್ ಎನ್ನುವ ಬದಲು ಅದು ಸಾವಿರ ಕಿಲೋಬೈಟ್ ಎನ್ನುತ್ತಿತ್ತು. ಅಷ್ಟು ವೋಟುಗಳು ಬಿದ್ದರೂ ಆ ತಪ್ಪು ಉಳಿದೇ ಇತ್ತು.

ಗುರುತು ಗುಣಮಟ್ಟದ ಖಾತರಿಯಲ್ಲ ಎಂಬುದು ತಾಣದ ಒಳಗಿನವರಿಗೆ ಗೊತ್ತಿರಲಿಲ್ಲವೆಂದಲ್ಲ. ಒಪ್ಪಿತ ಉತ್ತರಕ್ಕಿಂತ ಎರಡು ಪಟ್ಟಿಗೂ ಮೀರಿ ವೋಟು ಪಡೆದ ಉತ್ತರಕ್ಕೆ ‘ಪಾಪ್ಯುಲಿಸ್ಟ್’ ಎಂಬ ಬ್ಯಾಡ್ಜ್ ಇದೆ; ಒಪ್ಪಿಗೆಯೂ ಜನಮತವೂ ಬೇರೆಯಾಗಬಹುದು ಎಂಬುದಕ್ಕೆ ತಾಣವೇ ಕೊಟ್ಟ ಮಾನ್ಯತೆ ಅದು. ಹಿಂದೆ ಪ್ರಶ್ನೆ ಕೇಳಿದವರ ಹೆಸರಿನ ಪಕ್ಕದಲ್ಲಿ ಅವರು ಎಷ್ಟು ಶೇಕಡಾ ಪ್ರಶ್ನೆಗಳಿಗೆ ಉತ್ತರ ಒಪ್ಪಿದ್ದಾರೆ ಎಂಬುದೂ ಕಾಣುತ್ತಿತ್ತು. ಅದು ಕಡಿಮೆಯಿದ್ದರೆ ‘ಮೊದಲು ಹಳೆಯವನ್ನು ಒಪ್ಪಿಕೊಳ್ಳಿ’ ಎಂಬ ಟಿಪ್ಪಣಿಗಳು ಬೀಳುತ್ತಿದ್ದವು. ಒತ್ತಾಯದ ಒಪ್ಪಿಗೆ ಸಾಕ್ಷ್ಯವಾಗಿಯೂ ಉಳಿಯುವುದಿಲ್ಲ. ಆ ಶೇಕಡಾವಾರು ತೆಗೆದದ್ದು ಒಳ್ಳೆಯದೇ ಆಯಿತು. 2021ರಲ್ಲಿ ಒಪ್ಪಿತ ಉತ್ತರವನ್ನು ತುದಿಗೆ ಕಟ್ಟಿಹಾಕುವ ಕ್ರಮವನ್ನೂ ಸ್ಟ್ಯಾಕ್ ಓವರ್‌ಫ್ಲೋ ಕೈಬಿಟ್ಟಿತು. ಹದಿಮೂರು ವರ್ಷಗಳ ಈ ಇತಿಹಾಸವನ್ನು ನಾನು ಹಸಿರು ಗುರುತಿನ ಅಧಿಕಾರ ಹಂತಹಂತವಾಗಿ ಇಳಿದ ಕಥೆಯಾಗಿ ಓದುತ್ತೇನೆ. ಅದರ 15 ಅಂಕ ಮಾತ್ರ ಇಳಿಯಲಿಲ್ಲ.

ಪ್ರಶ್ನೆಯ ಬೆಲೆಯೂ ಏರಿಳಿದಿದೆ. ಪ್ರಶ್ನೆಗೆ ಸಿಗುವ ಅಪ್‌ವೋಟಿನ 10 ಅಂಕವನ್ನು 2010ರಲ್ಲಿ 5ಕ್ಕೆ ಇಳಿಸಿ, 2019ರ ನವೆಂಬರಿನಲ್ಲಿ ಮತ್ತೆ 10 ಮಾಡಲಾಯಿತು. ಹೆಂಗಸರ ಅಂಕ ಕಡಿಮೆಯಿರಲು ಉತ್ತರಕ್ಕೆ ಪ್ರಶ್ನೆಗಿಂತ ಹೆಚ್ಚು ಅಂಕ ಕೊಡುವ ನಿಯಮವೂ ಒಂದು ಕಾರಣವೆಂದು ಆನಾ ಮೇ, ಯೊಹಾನೆಸ್ ವಾಕ್ಸ್ ಮತ್ತು ಅನಿಕೊ ಹನಾಕ್ ಅದೇ ವರ್ಷ ವಾದಿಸಿದ್ದರು. ಅಂಕದ ನಿಯಮವನ್ನು ಒಂದಿಷ್ಟು ತಿರುಗಿಸಿದರೆ ಯಾರು ‘ದೊಡ್ಡವರು’ ಎಂಬುದೇ ಬದಲಾಗುತ್ತದೆ ಎಂದಾದರೆ, ಆ ಸಂಖ್ಯೆಯನ್ನು ವ್ಯಕ್ತಿಯ ಗುಣವೆಂದು ಭಾವಿಸಲು ಆಧಾರವೇನು? ಹಳೆಯ, ಜನಪ್ರಿಯ ಪ್ರಶ್ನೆಗೆ ಮೊದಲ ವರ್ಷಗಳಲ್ಲೇ ಉತ್ತರ ಬರೆದವರಿಗೆ ಇಂದಿಗೂ ಅಂಕ ಬರುತ್ತಲೇ ಇದೆ, ಅವರು ಆಮೇಲೆ ಏನನ್ನೂ ಬರೆಯದಿದ್ದರೂ. ಆದ್ದರಿಂದ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಾರ್ಥಿಯೊಬ್ಬರು ಬಯೋಡೇಟಾದಲ್ಲಿ ತಮ್ಮ ಅಂಕ ನಮೂದಿಸಿದರೆ, ಸಂದರ್ಶಕರು ಆ ಸಂಖ್ಯೆಯನ್ನು ಬಿಟ್ಟು ಅದರ ಹಿಂದಿನ ಎರಡು ಮೂರು ಉತ್ತರಗಳನ್ನು ಓದುವುದು ಮೇಲು.

2022ರ ಡಿಸೆಂಬರಿನಲ್ಲಿ ಚಾಟ್‌ಜಿಪಿಟಿ ಬರೆದ ಉತ್ತರಗಳನ್ನು ತಾಣ ನಿಷೇಧಿಸಿತು. ನೋಡಲು ಸರಿಯೆನಿಸುವ, ಆದರೆ ತಪ್ಪಾಗಿರುವ ಉತ್ತರಗಳು ರಾಶಿಬೀಳುತ್ತಿವೆ ಎಂಬುದು ಕೊಟ್ಟ ಕಾರಣ. ಸರಿಯೆನಿಸುವುದಕ್ಕೂ ಸರಿಯಿರುವುದಕ್ಕೂ ನಡುವಿನ ಅಂತರವನ್ನು ಹಸಿರು ಗುರುತು ಹಿಡಿಯಲಾರದು ಎಂಬುದು ಆ ನಿಷೇಧದಲ್ಲಿ ಅಡಗಿರುವ ಒಪ್ಪಿಗೆ.

ಸ್ಟ್ಯಾಕ್ ಓವರ್‌ಫ್ಲೋ ಸೇರಿರುವ ಸ್ಟ್ಯಾಕ್ ಎಕ್ಸ್‌ಚೇಂಜ್ ಬಳಗದ ದತ್ತಾಂಶ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಲಭ್ಯವಿರುವುದರಿಂದ ಉತ್ತರದ ಗುಣಮಟ್ಟವನ್ನು ಯಂತ್ರಕಲಿಕೆಯಿಂದ ಊಹಿಸುವ ಅನೇಕ ಪ್ರಬಂಧಗಳು ಅದರ ಮೇಲೆ ನಿಂತಿವೆ. ಅವುಗಳಲ್ಲಿ ಹಲವು ಒಪ್ಪಿತ ಉತ್ತರವನ್ನೇ ಅತ್ಯುತ್ತಮ ಉತ್ತರವೆಂದು ಎಣಿಸಿ ಮಾದರಿಯನ್ನು ತರಬೇತಿಗೊಳಿಸುತ್ತವೆ. ಈ ದತ್ತಾಂಶವನ್ನು ಕೈಗೆತ್ತಿಕೊಳ್ಳುವ ನಮ್ಮ ವಿಶ್ವವಿದ್ಯಾಲಯಗಳ ಸಂಶೋಧಕರು ಒಪ್ಪಿಗೆಯನ್ನು ಪ್ರಶ್ನೆ ಕೇಳಿದವರ ಸಮಾಧಾನದ ಸೂಚಕವಾಗಿ ಮಾತ್ರ ಬಳಸಬೇಕು, 2021ಕ್ಕೆ ಮೊದಲಿನ ವೋಟುಗಳನ್ನು ನಂತರದವುಗಳಿಂದ ಬೇರ್ಪಡಿಸಬೇಕು, ಉತ್ತರಗಳ ಒಂದು ಸಣ್ಣ ಮಾದರಿಯನ್ನಾದರೂ ವಿಷಯ ಬಲ್ಲವರಿಂದ ಓದಿಸಿ ತಾಳೆ ನೋಡಬೇಕು.