ಎಣ್ಣೆಯೊಳಗಿನ ಗಾಳಿ

ನಿವೃತ್ತನಾದ ಮೇಲೆ ಸಂಜೆ ಮೂಡಲಗಿಯ ರಸ್ತೆಗಳಲ್ಲಿ ಅಡ್ಡಾಡುವುದು ನನ್ನ ರೂಢಿ. ಕಬ್ಬಿನ ಹಂಗಾಮಿನ ಒಂದು ದಿನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಟ್ರ್ಯಾಕ್ಟರಿನ ಮುಂದಿನ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ ನಿಲ್ಲಿಸಿದ್ದ. ಹಿಂದಿನ ದಿನ ಕಬ್ಬು ಹೇರಿಕೊಂಡು ಕಾಲುವೆ ದಂಡೆಯ ತಿರುವಿಗೆ ಬಂದಾಗ ಸ್ಟೇರಿಂಗ್ ತಿರುಗಿತಂತೆ, ಗಾಲಿ ತಿರುಗಲಿಲ್ಲವಂತೆ. ಅರ್ಧ ಸುತ್ತು ಕಳೆದ ಮೇಲೆ ಗಾಲಿ ಒಮ್ಮೆಲೇ ಹೊರಳಿ, ಟ್ರ್ಯಾಕ್ಟರ್ ನೀರಿನ ಅಂಚಿಗೆ ಬಂದು ನಿಂತಿತ್ತು.

"ಪೈಪ್ ಬದಲಿ ಮಾಡಿದ್ವಿರಿ ಸರ, ಏರ್ ಹಿಡದೈತಿ. ನೀವು ಮ್ಯಾಲ ಕುಂತು ಸ್ವಲ್ಪ ಸ್ಟೇರಿಂಗ್ ತಿರುವ್ರಿ" ಎಂದ.

ಕುಳಿತೆ. ಎಂಜಿನ್ ನಿಧಾನವಾಗಿ ಓಡುತ್ತಿತ್ತು. ಅವನು ಸಿಲಿಂಡರಿನ ಬಳಿ ಪೈಪಿನ ನಟ್ಟನ್ನು ತುಸುವೇ ಸಡಿಲಿಸಿದ. ನಾನು ಮೆಲ್ಲಗೆ ಎಡಕ್ಕೆ ತಿರುಗಿಸಿದಂತೆ ನೊರೆಗೂಡಿದ ಎಣ್ಣೆ ಹೊರಬಂತು. ಗುಳ್ಳೆ ನಿಂತೊಡನೆ "ಸಾಕ್ರಿ" ಎಂದು ನಟ್ಟು ಬಿಗಿದ. ಬಲಕ್ಕೂ ಹಾಗೆಯೇ. ನಡುನಡುವೆ ಟಾಕಿಗೆ ಎಣ್ಣೆ ತುಂಬುತ್ತಿದ್ದ; ಅದು ಬರಿದಾದರೆ ಹೊಸ ಗಾಳಿ ಒಳಸೇರುತ್ತದೆ. ಕೊನೆಗೆ ಎದ್ದು ನಿಂತು ನಗುತ್ತ, "ಇದನ್ನ ಸಾಲ್ಯಾಗ ಹೇಳಿರಲಿಲ್ಲರಿ ಸರ" ಎಂದ.

ಆ ಮಾತು ನನ್ನನ್ನು ಮನೆಯವರೆಗೂ ಹಿಂಬಾಲಿಸಿತು. ವರ್ಷವರ್ಷವೂ ಪ್ಯಾಸ್ಕಲನ ನಿಯಮವನ್ನು ಕಲಿಸಿದವನು ನಾನು. ಫ್ರಾನ್ಸಿನ ಬ್ಲೇಸ್ ಪ್ಯಾಸ್ಕಲ್ 1662 ರಲ್ಲಿ ತೀರಿಕೊಂಡ; ದ್ರವಗಳ ಸಮತೋಲನವನ್ನು ಕುರಿತ ಅವನ ಗ್ರಂಥ ಮರುವರ್ಷ ಪ್ರಕಟವಾಯಿತು. ಪಾತ್ರೆಯ ಒಂದು ಬಾಯಿ ಇನ್ನೊಂದರ ನೂರುಪಟ್ಟು ದೊಡ್ಡದಿದ್ದರೆ, ಚಿಕ್ಕ ಬಾಯಿಯ ಕೊಂತವನ್ನು ಒತ್ತುವ ಒಬ್ಬನು ದೊಡ್ಡದನ್ನು ಒತ್ತುವ ನೂರು ಜನರಿಗೆ ಸಮನೆಂದು ಅವನು ತೋರಿಸಿದ್ದ. ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795 ರಲ್ಲಿ ಅದನ್ನು ಒತ್ತುಯಂತ್ರವಾಗಿಸಿ ಪೇಟೆಂಟ್ ಪಡೆದ. ನಮ್ಮ ಸೀಮೆಗೂ ನೀರಿನ ಒತ್ತಡದ ಬಲ ಹೊಸದಲ್ಲ. ಸುಮಾರು 52 ಮೀಟರ್ ಎತ್ತರದ ಗೋಕಾಕ ಜಲಪಾತದ ನೀರು 1887 ರಿಂದಲೇ ನೂಲಿನ ಗಿರಣಿಯನ್ನು ನಡೆಸಿತು. ಅಷ್ಟೆತ್ತರದ ನೀರಿನ ಕಂಬ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 5 ಕಿಲೋ ಭಾರ ಹೇರುತ್ತದೆ.

ದಿಕ್ಕು ತಿರುಗಿಸುವ ಕೆಲಸಕ್ಕೆ ದ್ರವವನ್ನು ಮೊದಲು ನೆಚ್ಚಿದ್ದು ನೆಲದ ವಾಹನಗಳಲ್ಲ, ಹಡಗುಗಳು. ಹಾಯಿಹಡಗಿನ ಕಾಲದಲ್ಲಿ ಬಿರುಗಾಳಿ ಎದ್ದಾಗ ಚುಕ್ಕಾಣಿಯ ಚಕ್ರವನ್ನು ಹಿಡಿಯಲು ಹಲವು ನಾವಿಕರು ಬೇಕಾಗುತ್ತಿದ್ದರು. 1860ರ ದಶಕದಲ್ಲಿ 'ಗ್ರೇಟ್ ಈಸ್ಟರ್ನ್' ಎಂಬ ಭಾರಿ ಹಡಗಿಗೆ ಉಗಿಬಲದ ಚುಕ್ಕಾಣಿ ಯಂತ್ರ ಬಂತು. ಆದರೆ ಮುಂಭಾಗದ ಚಕ್ರದ ಅಪ್ಪಣೆಯನ್ನು ಹಿಂಭಾಗದ ಯಂತ್ರಕ್ಕೆ ಮುಟ್ಟಿಸಬೇಕಲ್ಲ? ಅದಕ್ಕೆ ದ್ರವ ತುಂಬಿದ ಕೊಳವೆಗಳ 'ಟೆಲಿಮೋಟರ್' ರೂಢಿಗೆ ಬಂತು. 1912 ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಲ್ಲಿಯೂ ಅದಿತ್ತು. 1985 ರಲ್ಲಿ ಅವಶೇಷ ಪತ್ತೆಯಾದಾಗ, ಸುಮಾರು 3,800 ಮೀಟರ್ ಆಳದಲ್ಲಿ ಮರದ ಚಕ್ರ ಅಳಿದುಹೋಗಿತ್ತು. ಅದರ ಹಿಂದಿದ್ದ ಕಂಚಿನ ಟೆಲಿಮೋಟರ್ ಮಾತ್ರ ನಿಂತಿತ್ತು.

ಇಂದಿನ ಚಿಕ್ಕ ಎಂಜಿನ್ ದೋಣಿಗಳಲ್ಲಿಯೂ ಕ್ರಮ ಅದೇ. ಚಕ್ರದ ಹಿಂದೆ ಕೈಪಂಪು, ಹಿಂಬದಿಯಲ್ಲಿ ಸಿಲಿಂಡರ್, ನಡುವೆ ಎಣ್ಣೆಯ ಎರಡು ಪೈಪು. ಗಾಳಿ ಸೇರಿದರೆ ಚಕ್ರ ಸ್ಪಂಜಿನಂತೆ ಮೆತ್ತಗಾಗುತ್ತದೆ, ದೋಣಿ ತಡವಾಗಿ ಹೊರಳುತ್ತದೆ. ಆಗ ಒಬ್ಬನು ಚಕ್ರ ತಿರುಗಿಸುತ್ತಾನೆ, ಇನ್ನೊಬ್ಬನು ಸಿಲಿಂಡರಿನ ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವುದನ್ನು ಕಾಯುತ್ತಾನೆ. ಅಂದು ಮೂಡಲಗಿಯಲ್ಲಿ ನಾವಿಬ್ಬರು ಮಾಡಿದ್ದೂ ಇದನ್ನೇ.

ದ್ರವ ಒತ್ತಿದರೆ ಕುಗ್ಗದು ಎಂದು ಕರಿಹಲಗೆಯ ಮೇಲೆ ಬರೆಯುತ್ತಿದ್ದೆ. ಗಾಳಿ ಕುಗ್ಗುತ್ತದೆ ಎಂಬುದನ್ನೂ ಹೇಳಿದ್ದೆ, ಆದರೆ ಬೇರೆ ಪಾಠದಲ್ಲಿ. ಕೊಳವೆಯಲ್ಲಿ ಇವೆರಡೂ ಕೂಡಿದರೆ ಕೈಯ ಬಲವೆಲ್ಲ ಗಾಳಿಯನ್ನು ಹಿಸುಕುವುದರಲ್ಲೇ ಕಳೆದುಹೋಗುತ್ತದೆ ಎಂದು ಮಾತ್ರ ಹೇಳಲಿಲ್ಲ. ಪರೀಕ್ಷೆಯಲ್ಲಿ ಅದನ್ನು ಕೇಳುತ್ತಿರಲಿಲ್ಲ. ಕಾಲುವೆಯ ತಿರುವು ಅದನ್ನೇ ಕೇಳಿತು.

ಅವನು ಆ ರಾತ್ರಿಯೇ ಕಬ್ಬು ಹೇರಿಕೊಂಡು ಅದೇ ದಾರಿಯಲ್ಲಿ ಕಾರ್ಖಾನೆಗೆ ಹೋದ. ಮರುದಿನ ನಸುಕಿನಲ್ಲಿ ಅವನ ಮನೆಯ ಮುಂದೆ ಟ್ರ್ಯಾಕ್ಟರ್ ನಿಂತಿರುವುದನ್ನು ನೋಡಿ ಬಂದ ಮೇಲೆಯೇ ನಾನು ಚಹಾ ಕುಡಿದೆ.