ಖಾಲಿ ಇನ್‌ಕ್ಯುಬೇಟರ್ ಕಲಿಸಿದ ಪಾಠ



ಗ್ರಾಹಕರನ್ನು ಕಂಡು ಬನ್ನಿ ಎಂದರೆ ನಮ್ಮ ಪ್ರಾಡಕ್ಟ್ ತಂಡಗಳು ಸಮಯವಿಲ್ಲ ಅನ್ನುತ್ತವೆ. ಅವರಿಗೆ ನಾನು ಹೇಳುವ ಕಥೆ ಇದು.

2007ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ತಂಡವೊಂದಕ್ಕೆ ಸಿಕ್ಕ ಕೆಲಸ: ಬಡ ದೇಶಗಳಿಗೆ ಅಗ್ಗದ ಇನ್‌ಕ್ಯುಬೇಟರ್. ತಂಡದ ಲೈನಸ್ ಲಿಯಾಂಗ್ ನೇಪಾಳಕ್ಕೆ ಹೋಗಿ ನೋಡಿದರು. ನಗರದ ಆಸ್ಪತ್ರೆಯಲ್ಲಿ ದಾನವಾಗಿ ಬಂದ ಇನ್‌ಕ್ಯುಬೇಟರ್‌ಗಳು ಖಾಲಿ ಬಿದ್ದಿದ್ದವು. ತಿಂಗಳು ತುಂಬದೆ ಹುಟ್ಟಿದ ಕೂಸುಗಳು ದೂರದ ಹಳ್ಳಿಗಳಲ್ಲಿ, ಆಸ್ಪತ್ರೆ ತಲುಪುವ ಮೊದಲೇ ಸಾಯುತ್ತಿದ್ದವು. ತಂಡ ಯಂತ್ರದ ಬೆಲೆ ಇಳಿಸುವ ಯೋಚನೆ ಬಿಟ್ಟಿತು. ಮೇಣದಂಥ ವಸ್ತುವಿನಿಂದ ಗಂಟೆಗಟ್ಟಲೆ 37 ಡಿಗ್ರಿ ಕಾವು ಉಳಿಸುವ ಪುಟ್ಟ ಚೀಲ ಮಾಡಿತು. ಹೆಸರು ‘ಎಂಬ್ರೇಸ್’.

ಮುಂದೆ ತಂಡ ಬೆಂಗಳೂರಿನಲ್ಲಿ ನೆಲೆಯೂರಿತು. ಮಹಾರಾಷ್ಟ್ರದ ಹಳ್ಳಿಯ ತಾಯಿಯೊಬ್ಬಳು, 37ಕ್ಕೆ ಕಾಯಿಸಿ ಅಂದರೆ ತಾನು 30ಕ್ಕೇ ನಿಲ್ಲಿಸುವೆ ಎಂದಳು. ಇಂಗ್ಲಿಷ್ ಔಷಧಿ ಬಲು ಜೋರು, ಅರ್ಧ ಕೊಟ್ಟರೆ ಸಾಕು ಎಂಬುದು ಊರಿನ ನಂಬಿಕೆ. ತಂಡ ಅಂಕಿಯನ್ನೇ ತೆಗೆದು, ಕಾವು ಸರಿಯಿದೆಯೋ ಇಲ್ಲವೋ ಎಂದಷ್ಟೇ ತೋರಿಸುವ ಸೂಚಕ ಹಾಕಿತು.

ಆಕೆಯನ್ನು ಕೇಳದಿದ್ದರೆ ಚೀಲ ಚೆನ್ನಾಗಿದ್ದೂ ಕೂಸು ತಣ್ಣಗಾಗುತ್ತಿತ್ತು. ಮುಂದಿನ ಸಲ ಗ್ರಾಹಕರ ಬಳಿ ಹೋಗುವಾಗ ಕೋಡ್ ಬರೆಯುವವರನ್ನೂ ಜೊತೆಗೆ ಕರೆದೊಯ್ಯಿರಿ. ಅವರ ಕಿವಿಗೇ ಆ ಮಾತು ಬೀಳಲಿ.