ಕಾಯಂಗುತ್ತ

ಹುಣಸೂರು ದಾಟಿ ಪಿರಿಯಾಪಟ್ಟಣದ ಕಡೆಗೆ ಹೋಗುವಾಗ ಹೊಗೆಸೊಪ್ಪಿನ ಹೊಲಗಳ ನಡುನಡುವೆ ಎತ್ತರದ ಮಡಿ ಕಟ್ಟಿ, ತುಂತುರು ನೀರು ಬಿಟ್ಟ ಶುಂಠಿ ಹೊಲಗಳು ಕಣ್ಣಿಗೆ ಬೀಳುತ್ತವೆ. ಕಂಪಲಾಪುರದಲ್ಲಿ ಟೀ ಕುಡಿಯುತ್ತ 'ಇದು ಯಾರ ಹೊಲ' ಅಂದೆ. 'ಹೊಲ ನಮ್ ಚಿಕ್ಕಪ್ಪಂದು, ಶುಂಠಿ ಕೇರಳದವರ್ದು. ಗುತ್ತಿಗೆಗೆ ಕೊಟ್ಟವ್ರೆ' ಎಂದ ಹುಡುಗ.

ಅವನು ಅಷ್ಟು ಸಲೀಸಾಗಿ ಹೇಳಿದ ಗುತ್ತಿಗೆ ನಮ್ಮ ಕಾನೂನಿನ ಪುಸ್ತಕದಲ್ಲಿಲ್ಲ. ಸೈನಿಕರಂಥ ಕೆಲವರನ್ನು ಬಿಟ್ಟರೆ, ಕರ್ನಾಟಕದಲ್ಲಿ ಸಾಗುವಳಿ ಭೂಮಿಯನ್ನು ಯಾರೂ ಯಾರಿಗೂ ಗುತ್ತಿಗೆಗೆ ಕೊಡುವಂತಿಲ್ಲ. ಆದರೂ ಹೆಗ್ಗಡದೇವನಕೋಟೆಯಿಂದ ಪಿರಿಯಾಪಟ್ಟಣದವರೆಗೆ ಶುಂಠಿ ನಿಂತಿರುವುದು ಈ ಇಲ್ಲದ ಗುತ್ತಿಗೆಯ ಮೇಲೆಯೇ, ಬಾಯಿಮಾತಿನ ಬಲದಲ್ಲಿ.

ಪದ ಹಳೆಯದು. ಗುತ್ತಗೆ ಎಂಬುದು ಅದರ ಹಿಂದಿನ ರೂಪ. ತೆಲುಗಿನವರು ಗುತ್ತ ಎನ್ನುತ್ತಾರೆ, ತಮಿಳರು ಕುತ್ತಗೈ. ಗೇಣಿ, ವಾರ, ಭೋಗ್ಯ ಇದರ ದಾಯಾದಿಗಳು. ವಾರಕ್ಕೆ ಕೊಟ್ಟರೆ ಬೆಳೆಯಲ್ಲಿ ಪಾಲು, ಭೋಗ್ಯದ ಹಿಂದೆ ಸಾಲದ ನೆರಳು. ಗುತ್ತಿಗೆಯಲ್ಲಿ ಮೊದಲೇ ಮಾತಾಡಿಕೊಂಡ ಮೊತ್ತ, ಮಳೆ ಬರಲಿ ಬಿಡಲಿ. ದೇವಸ್ಥಾನದ ಹುಣಸೆಮರ, ಕೆರೆಯ ಮೀನು, ತೋಟದ ಮಾವು, ಎಲ್ಲವೂ ಗುತ್ತಿಗೆಗೆ ಹೋಗುತ್ತವೆ. ನಾಟಿಯೂ ಅಷ್ಟೇ. ದಿನಗೂಲಿಯ ನಾಟಿಯಲ್ಲಿ ಊರಿನ ಸುದ್ದಿಯೆಲ್ಲ ಗದ್ದೆಯೊಳಗೇ ಬಗೆಹರಿಯುತ್ತದೆ. ಗುತ್ತಿಗೆ ನಾಟಿಯಲ್ಲಿ ಬರಿಯ ಕೆಸರಿನ ಸದ್ದು. ಹಣ್ಣು ಉದುರಿಸಿದ ದಿನ, ಕೊನೆಯ ಸಾಲು ನೆಟ್ಟ ದಿನ ಗುತ್ತಿಗೆ ಮುಗಿಯಿತು. ಮರ ದೇವರದಾಗಿಯೇ ಉಳಿಯಿತು, ಗದ್ದೆ ಗೌಡರದಾಗಿಯೇ ಉಳಿಯಿತು.

ಈ ಮುಗಿಯುವ ಗುಣವನ್ನು ಕಳಚಿಹಾಕಿದ್ದು ಅರಮನೆ. ಹಳೆಯ ಮೈಸೂರಿನ ಕಂದಾಯ ಪರಿಭಾಷೆಯಲ್ಲಿ 'ಕಾಯಂಗುತ್ತ' ಎಂಬ ಪದವಿದೆ. ಬೆನ್ನಿಗೆ ಅರಬ್ಬಿಯ ಗಂಟು ಕಟ್ಟಿದ ಕನ್ನಡ ಪದ. ಇಡೀ ಹಳ್ಳಿಯನ್ನು ಎಂದೂ ಏರದ ಕಂದಾಯಕ್ಕೆ ಒಬ್ಬರ ಕೈಗೆ ಶಾಶ್ವತವಾಗಿ ಒಪ್ಪಿಸುವ ಪದ್ಧತಿ ಅದು. ಇಂಥ ಹಳ್ಳಿಗಳಲ್ಲಿ ಬಹುಪಾಲು ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, ಇನ್ನು ಕೆಲವು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದವು ಎಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಹಾಳುಬಿದ್ದ ಹಳ್ಳಿಗೆ ಜೀವ ಬರಲಿ ಎಂಬುದು ಮೊದಲಿನ ಉದ್ದೇಶ, ಒಳ್ಳೆಯದೇ. ಬರಬರುತ್ತ ಚೆನ್ನಾಗಿ ಬಾಳುತ್ತಿದ್ದ ಹಳ್ಳಿಗಳೂ ಅದೇ ದರದಲ್ಲಿ ಕೈಬದಲಾದವು. ಪಡೆದವರು ಯಾರು ಎಂದರೆ ಆಸ್ಥಾನಕ್ಕೆ ಸೇರಿದವರು, ಇಲ್ಲವೇ ಆಸ್ಥಾನಕ್ಕೆ ಬೇಕಾದವರು. ಹಾಳೂರಿನ ಹೆಸರಲ್ಲಿ ತೆರೆದ ಬಾಗಿಲಿನಲ್ಲಿ ಆಪ್ತರು ಒಳಗೆ ಬಂದರು. ಅದಾದ ಮೇಲೆ 'ಶರತ್ತು' ಬಂತು: ಇಷ್ಟು ಕಂದಾಯ ಎತ್ತಿಕೊಡುತ್ತೇನೆ ಎಂದು ಅಮಲ್ದಾರ ಬರೆದುಕೊಡುವುದು, ಕಡಮೆ ಬಿದ್ದರೆ ತಾನೇ ತುಂಬುವುದು. ಯಾರ ಬೆನ್ನಿನ ಚರ್ಮ ಸುಲಿದು ತುಂಬಿದ ಎಂಬುದಕ್ಕೆ ನಗರ ಸೀಮೆಯ ರೈತರ ದಂಗೆಯೇ ಸಾಕ್ಷಿ. ಅದರ ಬೆನ್ನಲ್ಲೇ 1831ರಲ್ಲಿ ಇಂಗ್ಲಿಷರು ರಾಜ್ಯವನ್ನೇ ಕೈಗೆ ತೆಗೆದುಕೊಂಡರು.

ಗುತ್ತಿಗೆ ಒಮ್ಮೆ ಮಾತ್ರ ಕೆಳಮುಖವಾಗಿ ಕಾಯಂ ಆಯಿತು. ಅದನ್ನು ಮಾಡಿಸಿದ ಮುಖ್ಯಮಂತ್ರಿ ದೇವರಾಜ ಅರಸರು ಇದೇ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿದಾರ 7ನೇ ನಮೂನೆ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಮುಂದೆ ನಿಂತ, ಉಳುತ್ತಿದ್ದ ನೆಲಕ್ಕೇ ಒಡೆಯನಾದ. ಎಲ್ಲರಿಗೂ ಸಿಗಲಿಲ್ಲ, ನಿಜ. ಗೇಣಿಗೇ ಗತಿಯಿಲ್ಲದ ಕೂಲಿಯವನಿಗೆ ಆ ನಮೂನೆಯಲ್ಲಿ ಬರೆಯಲು ಏನೂ ಇರಲಿಲ್ಲ. ಕಂಪಲಾಪುರದ ಶುಂಠಿಗೆ ಕಾಗದವಿಲ್ಲದಿರುವುದೂ ಆ ಕಾನೂನಿನಿಂದಲೇ.

ಈಗ ಬಳ್ಳಾರಿಗೆ ಹೋಗೋಣ. ಅಲ್ಲಿ ಗುತ್ತಿಗೆ ಎಂದರೆ ಗಣಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟಾಗ, ಗಣಿ ಕಂಪನಿಯೊಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರ ಕುಟುಂಬದ ಟ್ರಸ್ಟಿಗೆ ಕೊಟ್ಟ ದೇಣಿಗೆಯ ಪ್ರಶ್ನೆಯೂ ಅದರಲ್ಲಿತ್ತು. ಅವರು ರಾಜೀನಾಮೆ ಕೊಟ್ಟರು. 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು.

ನನಗೆ ಅದಕ್ಕಿಂತ ಕುತೂಹಲದ್ದು ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಕಡತ. ಜೆಎಸ್‌ಡಬ್ಲ್ಯು ಸ್ಟೀಲ್‌ಗೆ, ಜನರ ಬಾಯಲ್ಲಿ ಜಿಂದಾಲ್‌ಗೆ, ಸುಮಾರು 3,667 ಎಕರೆ ಸರ್ಕಾರದಿಂದ ಹೋಗಿತ್ತು. ಕರಾರಿನ ಹೆಸರೇ 'ಗುತ್ತಿಗೆ ಸಹಿತ ಮಾರಾಟ'. ಮುಗಿಯುವ ಪದವೂ ಮುಗಿಯದ ಪದವೂ ಒಂದೇ ದಾರದಲ್ಲಿ. 2019ರ ಮೇ ತಿಂಗಳಲ್ಲಿ ಕುಮಾರಸ್ವಾಮಿ ಸಂಪುಟ ಅದನ್ನು ಕ್ರಯಕ್ಕೆ ಕೊಡಲು ತೀರ್ಮಾನಿಸಿತು, ಒಂದು ಭಾಗಕ್ಕೆ ಎಕರೆಗೆ 1.22 ಲಕ್ಷ, ಇನ್ನೊಂದಕ್ಕೆ 1.50 ಲಕ್ಷ ರೂಪಾಯಿ. ಕಾಂಗ್ರೆಸ್ಸಿನ ಎಚ್.ಕೆ. ಪಾಟೀಲರು ತಮ್ಮದೇ ಮೈತ್ರಿ ಸರ್ಕಾರದ ವಿರುದ್ಧ ತಕರಾರು ತೆಗೆದರು. ಯಡಿಯೂರಪ್ಪ ಬೆಂಗಳೂರಿನಲ್ಲಿ ಅಹೋರಾತ್ರಿ ಧರಣಿ ಕೂತರು. ಸರ್ಕಾರ ಹಿಂದೆ ಸರಿಯಿತು. 2021ರ ಏಪ್ರಿಲ್‌ನಲ್ಲಿ, ಧರಣಿ ಕೂತಿದ್ದ ಅದೇ ಯಡಿಯೂರಪ್ಪನವರ ಸಂಪುಟ ಅದೇ ಮಾರಾಟಕ್ಕೆ ಒಪ್ಪಿತು. ಸ್ವಪಕ್ಷದ ಶಾಸಕರೇ ಸಿಡಿದಾಗ ಮುಂದಿನ ತಿಂಗಳು ಕೈಬಿಟ್ಟಿತು. 2024ರ ಆಗಸ್ಟ್‌ನಲ್ಲಿ ಸಿದ್ದರಾಮಯ್ಯ ಸಂಪುಟ ಮತ್ತೆ ಒಪ್ಪಿತು. ಆ ಸಂಪುಟದಲ್ಲಿ ಆಗ ಕಾನೂನು ಸಚಿವರಾಗಿದ್ದವರು ಅದೇ ಎಚ್.ಕೆ. ಪಾಟೀಲರು.

ಸರ್ಕಾರಗಳ ಉತ್ತರವನ್ನೂ ಹೇಳಬೇಕು. ಕರಾರಿನಲ್ಲೇ ಮಾರಾಟದ ಮಾತಿದೆ, ಕಂಪನಿ ಬಂಡವಾಳ ಹೂಡಿದೆ, ಕೆಲಸ ಕೊಟ್ಟಿದೆ, ಈಗ ಇಲ್ಲ ಎಂದರೆ ಕಾನೂನಿನ ಮುಂದೆ ನಿಲ್ಲುವುದಿಲ್ಲ. ತಳ್ಳಿಹಾಕುವ ವಾದವಲ್ಲ. ಆದರೆ ಈ ವಾದ ಅಧಿಕಾರದ ಕುರ್ಚಿಯ ಮೇಲೆ ಕೂತವರಿಗಷ್ಟೇ ಹೊಳೆಯುತ್ತದೆ, ಧರಣಿಯ ಜಮಖಾನೆಯ ಮೇಲೆ ಕೂತಾಗ ಹೊಳೆಯುವುದಿಲ್ಲ ಎಂಬುದು ಸೋಜಿಗ. ಮೂರು ಪಕ್ಷಗಳು ಸರದಿಯಲ್ಲಿ ಆ ಕುರ್ಚಿಗೆ ಬಂದವು, ಎಷ್ಟಾದರೂ ಕುರ್ಚಿ ಐದು ವರ್ಷದ ಗುತ್ತಿಗೆ. ಕಡತ ಮಾತ್ರ ಒಂದೇ ದಿಕ್ಕಿಗೆ ತೆವಳಿತು.

ಇದೇ ಪದದ ಇನ್ನೊಂದು ತುದಿಯಲ್ಲಿ ಗುತ್ತಿಗೆ ಪೌರಕಾರ್ಮಿಕರಿದ್ದಾರೆ, ಗುತ್ತಿಗೆ ನರ್ಸುಗಳಿದ್ದಾರೆ. ಅಲ್ಲಿ ಗುತ್ತಿಗೆ ಎಂದರೆ ನಾಳೆ ಬರಬೇಡ ಎನ್ನುವ ಅನುಕೂಲ. 2022ರ ಜುಲೈನಲ್ಲಿ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಬೀದಿಗೆ ಬಂದು ಕೇಳಿದ್ದು ಒಂದೇ ಪದ: ಕಾಯಂ. ಅರಮನೆಯವರ ಆಪ್ತರಿಗೆ ಕೇಳದೆಯೇ ಅಂಟಿಕೊಂಡ ಪದವನ್ನು ಇವರು ಮುಷ್ಕರ ಹೂಡಿ ಬೇಡಬೇಕಾಯಿತು. ಗುತ್ತಿಗೆದಾರ ಮಾತ್ರ ನಡುವೆ ಆರಾಮವಾಗಿದ್ದಾನೆ. ನಮ್ಮ ಕಡೆ ಅವನನ್ನು ಗುತ್ತಿಗೆದಾರ ಎಂದು ಪತ್ರಿಕೆಯವರು ಬಿಟ್ಟು ಯಾರೂ ಕರೆಯುವುದಿಲ್ಲ. ಅವನು ಕಂಟ್ರಾಕ್ಟ್ರು. ಚುನಾವಣೆ ಹತ್ತಿರವಾದಾಗ ಒಮ್ಮೊಮ್ಮೆ ಅವನೇ ಅಭ್ಯರ್ಥಿ.

ಟೀ ಲೋಟ ಇಡುತ್ತ ಆ ಹುಡುಗನನ್ನು ಕೇಳಿದ್ದೆ, ಶುಂಠಿ ಕಿತ್ತ ಮೇಲೆ ಅವರು ಹೊಲ ಬಿಟ್ಟುಕೊಡುತ್ತಾರಾ, ಕಾಗದ ಬೇರೆ ಇಲ್ಲವಲ್ಲ? ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

'ಬಿಡದೆ ಏನ್ ಸಾರ್? ಗುತ್ತಿಗೆ ತಾನೆ ಕೊಟ್ಟಿರದು.'